ಅಗ್ನಿಶಾಮಕ ಸೇವೆಯ ಚರಿತ್ರೆಯನ್ನು ದಾಖಲಿಸಿ

ಮಾನ್ಯ ಸಂಪಾದಕರೇ,

1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಿಸಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ಸ್ಮರಣೆಗಾಗಿ ಪ್ರತಿವರ್ಷ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಅದು ಅಗತ್ಯವೇ. ಆದರೆ ಬೆಂಗಳೂರಿನದೇ ಆದ ಅಗ್ನಿಶಾಮಕ ಚರಿತ್ರೆ ಆ ವಾರದಲ್ಲಿ ಸಾರ್ವಜನಿಕರ ಕಿವಿಗೆ ಬೀಳುವುದು ಅಪರೂಪವೆಂಬುದು ನನ್ನ ನೋವು.

1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ 90ಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಮಕ್ಕಳು, ಪ್ರಾಣ ಕಳೆದುಕೊಂಡರು. ಇಂದಿನ ಎಷ್ಟೋ ಯುವಜನರಿಗೆ ಈ ದುರಂತದ ಹೆಸರೂ ತಿಳಿದಿಲ್ಲ. 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿದಾಗ ಕೆಲವರು ಕಿಟಕಿಗಳಿಂದ ಹಾರಿದ್ದನ್ನು, ಒಟ್ಟು 9 ಮಂದಿ ಮೃತಪಟ್ಟಿದ್ದನ್ನು ನಗರ ಇನ್ನೂ ಪೂರ್ತಿ ಮರೆತಿಲ್ಲ. ಗುಡಾರದ ಬೆಂಕಿಯಿಂದ ಬಹುಮಹಡಿ ಕಟ್ಟಡದ ಹೊಗೆಯವರೆಗೆ ಅಪಾಯದ ಸ್ವರೂಪವೇ ಬದಲಾಗಿದೆ; ಇಲಾಖೆಯ ಬಳಿ ಈಗ 90 ಮೀಟರ್ ಎತ್ತರ ತಲುಪುವ ಏಣಿಯೂ ಇದೆ. ಈ ಬದಲಾವಣೆಯನ್ನು ಬಲ್ಲವರು ಆಗ ಕರ್ತವ್ಯದಲ್ಲಿದ್ದು ಈಗ ನಿವೃತ್ತರಾಗಿರುವ ಸಿಬ್ಬಂದಿ. ಅವರಲ್ಲಿ ಹಲವರು ಇಳಿವಯಸ್ಸಿನಲ್ಲಿದ್ದಾರೆ.

ಆದ್ದರಿಂದ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯು ಈ ಹಿರಿಯರ ಅನುಭವಗಳನ್ನು ಧ್ವನಿಮುದ್ರಿಸಿಕೊಂಡು, ಠಾಣೆಗಳಲ್ಲಿ ಉಳಿದಿರಬಹುದಾದ ಹಳೆಯ ಕರೆ ದಾಖಲೆಪುಸ್ತಕಗಳನ್ನು ಗೆದ್ದಲು ಹಿಡಿಯುವ ಮೊದಲು ಡಿಜಿಟಲೀಕರಣಗೊಳಿಸಿ, ಕನ್ನಡದಲ್ಲಿ ಒಂದು ಸಮಗ್ರ ಇತಿಹಾಸ ಗ್ರಂಥವನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಶಾಲಾ ಮಕ್ಕಳಿಗಾಗಿ ಅದರ ಸಂಕ್ಷಿಪ್ತ ಆವೃತ್ತಿಯನ್ನೂ ತರಬೇಕು.

– ಓರ್ವ ಓದುಗ, ಬಸವನಗುಡಿ, ಬೆಂಗಳೂರು