ಹಳೇ ಬೈಕಿಗೂ ಹೊಂದುವ ಪೆಟ್ರೋಲ್ ಸಿಗಲಿ

ಮಾನ್ಯ ಸಂಪಾದಕರೇ,

ಅಪ್ಪ ಓಡಿಸುತ್ತಿದ್ದ ಯೆಜ್ಡಿ ರೋಡ್‌ಕಿಂಗ್ ಬೈಕ್ ನಮ್ಮ ಮನೆಯಲ್ಲಿ ಇನ್ನೂ ಓಡುತ್ತಿದೆ. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಗಾಡಿ ಮಾತ್ರ ಗಟ್ಟಿ. ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಲಿವರ್, ಎಂಥ ಜಾಣತನ! ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೂತು ಪ್ಲಗ್‌ಗೆ ಕಿಡಿ ಬರಿಸುವ ಪಾಯಿಂಟ್ ಉಜ್ಜುತ್ತೇನೆ, ಪ್ಲಗ್ ಒರೆಸುತ್ತೇನೆ. ಸಂಡೂರು ಕಡೆ ಒಂದು ಸಲ ಹೋಗಿ ಬಂದರೆ ಏರ್ ಫಿಲ್ಟರ್ ತುಂಬಾ ಅದಿರಿನ ಕೆಂಪು ಧೂಳು. ಅದಕ್ಕೆ ಬೇಜಾರಿಲ್ಲ.

ಬೇಜಾರು ಪೆಟ್ರೋಲಿನದ್ದು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್, ಅಂದರೆ ಕಬ್ಬು, ಮೆಕ್ಕೆಜೋಳದಂಥ ಬೆಳೆಯಿಂದ ತೆಗೆಯುವ ಮದ್ಯಸಾರ, ಬೆರೆತದ್ದು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಗಾಡಿ ವಾರಗಟ್ಟಲೆ ಸುಮ್ನೆ ನಿಂತರೆ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯಬಹುದು. ಹಳೇ ರಬ್ಬರ್ ಪೈಪುಗಳಿಗೂ ಇದು ಒಗ್ಗುವುದಿಲ್ಲ. ಕಳೆದ ಮಳೆಗಾಲದಲ್ಲಿ ನನ್ನ ಗಾಡಿಯ ಪೈಪು ಮೆತ್ತಗಾಗಿ ದಾರಿಯಲ್ಲೇ ಸೋರಿತು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಬಿದ್ದರೆ ಅಪಾಯ ಅಲ್ವಾ? ಪೈಪು ಬದಲಿಸಿದ್ದೇನೆ. ಈಗ ನಿಲ್ಲಿಸುವ ಮೊದಲು ಪೆಟ್ರೋಲ್ ಟ್ಯಾಪ್ ಮುಚ್ಚಿ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್ ಖಾಲಿಯಾಗುವವರೆಗೂ ಎಂಜಿನ್ ಓಡಲು ಬಿಡುತ್ತೇನೆ. ಹಳೇ ಗಾಡಿ ಇರುವವರು ಇಷ್ಟಾದರೂ ಮಾಡಿ.

ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತರಿಗೆ ಎಥೆನಾಲ್‌ನಿಂದ ಅನುಕೂಲವಿದೆ. ಅದು ಬೇಡ ಅನ್ನುತ್ತಿಲ್ಲ. ಆದರೆ ಬಳ್ಳಾರಿಯಂಥ ಊರಿನಲ್ಲಿ ಒಂದು ಬಂಕ್‌ನಲ್ಲಾದರೂ ಎಥೆನಾಲ್ ಕಡಿಮೆ ಇರುವ ಪೆಟ್ರೋಲ್ ಸಾಮಾನ್ಯ ದರದಲ್ಲಿ ಸಿಗಬೇಕು. ಎಷ್ಟು ಬೆರೆಸಿದ್ದಾರೆ ಎಂದು ಪ್ರತಿ ಪಂಪಿನ ಮೇಲೂ ಕನ್ನಡದಲ್ಲಿ ದೊಡ್ಡದಾಗಿ ಬರೆಯಬೇಕು. ತೈಲ ಕಂಪನಿಗಳು ದಯವಿಟ್ಟು ಗಮನಿಸಲಿ.

– ಒಬ್ಬ ಓದುಗ, ಕೌಲ್ ಬಜಾರ್, ಬಳ್ಳಾರಿ