ಕೂತರೆ ಹನ್ನೊಂದು ಸಾವಿರ ಹೆಜ್ಜೆ, ಹೊತ್ತರೆ ಎರಡು ಸಾವಿರವೂ ಇಲ್ಲ

ಮಾನ್ಯ ಸಂಪಾದಕರೇ,

ನಾನು ಶಿರಸಿ ತಾಲೂಕಿನ ಒಂದು ಅಡಿಕೆ ತೋಟದ ಮನೆಯವಳು. ವಯಸ್ಸು 58. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ವಿಷಯ ಸಣ್ಣದು, ಒಂದು ಕೈಗಡಿಯಾರದ್ದು. ಆದರೆ ಅದರ ದೆಸೆಯಿಂದ ಈ ವಯಸ್ಸಿನಲ್ಲಿ ನನಗೆ ಮನೆಯಲ್ಲಿ ಸೋಮಾರಿ ಅಂತ ಹೆಸರು ಬರುವ ಹಾಗಾಗಿದೆ.

ದೊಡ್ಡಹಬ್ಬಕ್ಕೆ ಬೆಂಗಳೂರಿಂದ ಬಂದ ಮಗಳು ಸ್ಮಾರ್ಟ್‌ವಾಚ್ ತಂದು ನನ್ನ ಎಡಗೈಗೆ ಕಟ್ಟಿದಳು. ಎರಡು ಸಾವಿರದ ಚಿಲ್ಲರೆ ರೂಪಾಯಿಯದಂತೆ. "ಆಯಿ, ಇನ್ನು ನೀ ಎಷ್ಟು ನಡೆದೆ, ಎಷ್ಟು ಮಲಗಿದೆ ಎಲ್ಲಾ ಗೊತ್ತಾಗ್ತು" ಅಂದಳು. ನನಗೆ ಗೊತ್ತಾಗುವುದಷ್ಟೇ ಅಲ್ಲ, ಅವಳಿಗೂ ಗೊತ್ತಾಗುವ ಹಾಗೆ ಮಾಡಿಟ್ಟು ಹೋಗಿದ್ದಾಳೆ. ವಾಚ್ ತನ್ನ ಲೆಕ್ಕವನ್ನು ನನ್ನ ಫೋನಿಗೆ ದಾಟಿಸುತ್ತದೆ, ಫೋನು ಬೆಂಗಳೂರಿಗೆ ದಾಟಿಸುತ್ತದೆ.

ಮೊದಲ ವಾರ ಖುಷಿಯೇ ಆಯಿತು, ಸುಳ್ಳು ಹೇಳುವುದಿಲ್ಲ. ನಸುಕಿನಲ್ಲಿ ಕೊಟ್ಟಿಗೆಗೆ ಹೋದಾಗ ಕೈ ಎತ್ತಿದರೆ ಸಾಕು, ಗಂಟೆ ಕಾಣುತ್ತದೆ. ಕೈಯೆಲ್ಲ ಸಗಣಿ ಇದ್ದಾಗ ಫೋನು ಬಂದರೆ ಬೆರಳಿನ ಗಂಟಿನಿಂದ ಒತ್ತಿ ಮಾತಾಡಬಹುದು. ಹಾಲು ಕರೆಯುವಾಗ ವಾಚಿನ ಅಡಿಯಲ್ಲಿ ಹಸಿರು ದೀಪ ಮಿಣಮಿಣ ಅನ್ನುತ್ತದೆ. ದನ ಒಮ್ಮೆ ತಿರುಗಿ ನೋಡಿ ಸುಮ್ಮನಾಯಿತು. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದಂತೆ, ಎದೆ ಬಡಿದಾಗೆಲ್ಲ ಚರ್ಮದಡಿ ರಕ್ತ ಜಾಸ್ತಿಯಾಗಿ ವಾಪಸು ಬರುವ ಬೆಳಕು ಕಡಿಮೆಯಾಗುತ್ತದಂತೆ. ಹಾಗೆ ನಾಡಿ ಎಣಿಸುವುದು.

ಆಮೇಲೆ ಅಡಿಕೆ ಸುಲಿತ ಶುರುವಾಯಿತು.

ಸುಲಿತ ಅಂದರೆ ಹೀಗೆ. ಮೆಟ್ಟುಗತ್ತಿಯ ಹಲಗೆಯನ್ನು ಕಾಲಿನಲ್ಲಿ ಒತ್ತಿ ಕೂರಬೇಕು. ಹಸಿ ಅಡಿಕೆ ತೆಗೆದು ಕತ್ತಿಯ ಬಾಯಿಗೆ ಕೊಡಬೇಕು, ಎರಡೂ ಕೈಯಿಂದ ಒಂದು ಜಗ್ಗು, ಸಿಪ್ಪೆ ಆ ಕಡೆ, ಬೆಟ್ಟೆ ಈ ಕಡೆ. ಮತ್ತೆ ಇನ್ನೊಂದು. ಕೈ ತಾಳಕ್ಕೆ ಬಿದ್ದ ಮೇಲೆ ಕಣ್ಣು ಬೇಕಾಗುವುದಿಲ್ಲ, ನಾಲ್ಕು ಜನ ಕೂತು ಊರಿನ ಸುದ್ದಿಯನ್ನೂ ಒಟ್ಟಿಗೇ ಸುಲಿಯಬಹುದು. ಆ ದಿನ ಮಧ್ಯಾಹ್ನ ಎರಡಕ್ಕೆ ಕೂತವಳು ದೀಪ ಹಚ್ಚುವ ತನಕ, ಊಟ ಮಾಡಿ ಮತ್ತೆ ಹತ್ತರ ತನಕ ಸುಲಿದೆ. ರಾತ್ರಿ ವಾಚ್ ಗುರ್ ಅಂತ ನಡುಗಿತು. ಪರದೆ ಮೇಲೆ ಪಟಾಕಿ, ಬಣ್ಣದ ಕಾಗದದ ಚೂರು! 11,300 ಹೆಜ್ಜೆ ನಡೆದಿದ್ದೀರಿ, ಶಹಬ್ಬಾಸ್ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಪಕ್ಕದಲ್ಲಿ ಸುಲಿಯುತ್ತಿದ್ದವಳು ಬಗ್ಗಿ ನೋಡಿ, "ಕೂತಲ್ಲೇ ಯಲ್ಲಾಪುರಕ್ಕೆ ಹೋಗಿ ಬಂದ್ಯಲ್ಲೇ" ಅಂತ ನಕ್ಕಳು. ಮಗಳೂ ಫೋನ್ ಮಾಡಿ ಹೊಗಳಿದಳು. ನಾನು ಸುಮ್ನೆ ಹೊಗಳಿಸಿಕೊಂಡೆ, ಅದೇ ತಪ್ಪಾಯಿತು.

ಮಾಘದಲ್ಲಿ ಸೊಪ್ಪಿನ ಬೆಟ್ಟದಿಂದ ದರಕು ತರುವ ಕೆಲಸ. ಒಣಗಿ ಬಿದ್ದ ಎಲೆ ಗುಡಿಸಿ, ಹೆಡಿಗೆಗೆ ಮೆಟ್ಟಿ ತುಂಬಿ, ತಲೆಯ ಮೇಲೆ ಹೊತ್ತು ತರುವುದು. ಕೊಟ್ಟಿಗೆಗೆ ಹಾಸಿದರೆ ಗೊಬ್ಬರ, ಗೊಬ್ಬರ ಆದರೆ ತೋಟಕ್ಕೆ. ಆ ದಿನ ಆರು ಸಲ ಹತ್ತಿ ಇಳಿದೆ. ಐದನೇ ಹೆಡಿಗೆ ಹೊತ್ತು, ಕಲ್ಲು ನೋಡಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ ಇಳಿಯುತ್ತಿದ್ದೇನೆ, ತಲೆ ಮೇಲಿದ್ದ ಕೈಯಲ್ಲಿ ವಾಚ್ ನಡುಗಿತು. ಯಾರದೋ ಫೋನು ಅಂದುಕೊಂಡೆ. ಹೆಡಿಗೆ ಇಳಿಸಿ ನೋಡಿದರೆ, ಕೈಕಾಲು ಚಾಚುವ ಒಬ್ಬ ಮನುಷ್ಯನ ಚಿತ್ರ. ಬಹಳ ಹೊತ್ತಿನಿಂದ ಕೂತೇ ಇದ್ದೀರಿ, ಎದ್ದು ಸ್ವಲ್ಪ ಓಡಾಡಿ ಅನ್ನುತ್ತಿದೆ!

ಅವತ್ತಿನ ಲೆಕ್ಕ 1,912. ರಾತ್ರಿ ಮಗಳ ಫೋನು. "ಆಯಿ, ಇವತ್ತು ಎಂತಕ್ಕೆ ಇಷ್ಟು ಕಡಿಮೆ? ಸಂಜೆ ಆದ್ರೂ ಒಂಚೂರು ವಾಕಿಂಗ್ ಹೋಗು." ಕುತ್ತಿಗೆಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೇಳಿಸಿಕೊಂಡೆ. ಪಾಪ, ಅವಳ ಕಾಳಜಿ ಅದು. ಸಿಟ್ಟು ಬಂದದ್ದು ವಾಚಿನ ಮೇಲೆ.

ಮಾರನೇ ದಿನ ನಾನೇ ಪರೀಕ್ಷೆಗೆ ಇಳಿದೆ. ಬೆಟ್ಟದ ದಣಪೆಯಿಂದ ಕೊಟ್ಟಿಗೆ ಬಾಗಿಲಿಗೆ ಹೆಡಿಗೆ ಹೊತ್ತು ಬಾಯಲ್ಲೇ ಎಣಿಸಿದೆ, 640 ಹೆಜ್ಜೆ. ವಾಚ್ ತೋರಿಸಿದ್ದು 70. ವಾಪಸು ಹೋಗುವಾಗ ಖಾಲಿ ಹೆಡಿಗೆಯನ್ನು ತಲೆಗೆ ಕವುಚಿಕೊಂಡು ಎಡಗೈಯಲ್ಲಿ ಹಿಡಿದಿರುತ್ತೇನೆ, ಆಗಲೂ ಸುಮಾರು ಅಷ್ಟೇ. ಆಮೇಲೆ ವಾಚ್ ಬಿಚ್ಚಿ ಕಾಲಿಗೆ ಕಟ್ಟಿದೆ. ನನ್ನ ಕಾಲು ಸಪೂರ, ಪಟ್ಟಿ ಕೊನೆಯ ತೂತಿಗೆ ಸಿಕ್ಕಿತು. ಈಗ 631! ಅಂದರೆ ಯಂತ್ರ ಹಾಳಾಗಿಲ್ಲ, ಅದು ಇರುವ ಜಾಗ ತಪ್ಪು. ಒಳಗಿರುವ ಆಕ್ಸಿಲರೋಮೀಟರ್, ಅಂದರೆ ಅಲುಗಾಟ ಅಳೆಯುವ ಪುಟ್ಟ ಸಾಧನ, ನೋಡುವುದು ಕೈಯ ಓಲಾಟವನ್ನು. ಒಂದೇ ತಾಳದಲ್ಲಿ ಕೈ ಆಡಿದರೆ ಅದಕ್ಕೆ ನಡಿಗೆ. ಕೈ ತಲೆ ಮೇಲೆ ನಿಂತರೆ ಮನುಷ್ಯನೂ ನಿಂತ ಹಾಗೆ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅಂತ ವಾಚ್ ಇಟ್ಟುಕೊಂಡಿರುವ ಗುರಿ ಎಲ್ಲಿಂದ ಬಂತು ಅಂತ ಅಳಿಯನನ್ನು ಕೇಳಿದೆ. ಅವನು ಓದಿ ಹೇಳಿದ್ದು ಕೇಳಿ. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್ ಆಯಿತಲ್ಲ, ಮರುವರ್ಷ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ಬಿಟ್ಟಿತು. ಹೆಸರು 'ಮಾನ್‌ಪೋ ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಡಾಕ್ಟರರು ಲೆಕ್ಕ ಹಾಕಿ ಕೊಟ್ಟ ಸಂಖ್ಯೆ ಅಲ್ಲ, ಮಾರುವವರು ಇಟ್ಟ ಹೆಸರು. 2019ರಲ್ಲಿ ಅಮೆರಿಕದಲ್ಲಿ ವಯಸ್ಸಾದ ಸುಮಾರು 16,700 ಹೆಂಗಸರ ಹೆಜ್ಜೆ ಎಣಿಸಿ ನೋಡಿದರಂತೆ. 4,400 ನಡೆದವರಿಗೇ ಪ್ರಯೋಜನ ಕಂಡಿತು, 7,500 ದಾಟಿದ ಮೇಲೆ ಹೆಚ್ಚಿನ ವ್ಯತ್ಯಾಸ ಇರಲಿಲ್ಲ. ನನ್ನ ಕಿವಿ ನೆಟ್ಟಗಾದದ್ದು ಬೇರೆ ಮಾತಿಗೆ. ಆ ಹೆಂಗಸರಿಗೆ ಯಂತ್ರ ಕಟ್ಟಿದ್ದು ಸೊಂಟಕ್ಕೆ. ಜಪಾನಿನದ್ದೂ ಸೊಂಟದ್ದೇ. ಸೊಂಟಕ್ಕೆ ಕಟ್ಟಿದ್ದರೆ ನನ್ನ ದರಕೂ ಲೆಕ್ಕಕ್ಕೆ ಬರುತ್ತಿತ್ತು, ಅಲ್ವಾ?

ಹೆಜ್ಜೆಯ ವಿಷಯ ನಗೆಯಾಡಿ ಬಿಡಬಹುದು. ಬಿಪಿಯದ್ದು ಹಾಗಲ್ಲ. ನಮ್ಮ ಮನೆಯವರಿಗೆ ಬಿಪಿ ಇದೆ. ಅವರು ಈ ವಾಚ್ ಕಟ್ಟಿ ನೋಡಿದರೆ 118, 76. "ನಂದು ಸರಿಯಾಗೋಯ್ತು, ಮಾತ್ರೆ ಎಂತಕ್ಕೆ?" ಅಂತ ಎರಡು ದಿನ ಮಾತ್ರೆ ಮುಟ್ಟಲಿಲ್ಲ. ಡಾಕ್ಟರು ತೋಳಿಗೆ ಪಟ್ಟಿ ಬಿಗಿದು ನೋಡಿದರೆ 150 ದಾಟಿತ್ತು. ಮನೆಗೆ ಬಂದ ಮೇಲೆ ಮೊಮ್ಮಗ ವಾಚನ್ನು ಒಂದು ಬಾಳೆಕಾಯಿಗೆ ಕಟ್ಟಿದ. ಬಾಳೆಕಾಯಿಗೂ ನಾಡಿ 68 ಬಂತು. ಅಂದಿನಿಂದ ಇವರು ಮಾತ್ರೆ ತಪ್ಪಿಸಿಲ್ಲ. ಸಕ್ಕರೆ ಕಾಯಿಲೆ ಇರುವವರೂ ಇದನ್ನು ಓದಬೇಕು. ಚರ್ಮ ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಅನ್ನುವ ವಾಚು, ಉಂಗುರಗಳನ್ನು ನಂಬಬೇಡಿ, ಅಂಥ ಒಂದಕ್ಕೂ ನಾವು ಒಪ್ಪಿಗೆ ಕೊಟ್ಟಿಲ್ಲ ಅಂತ ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಹೇಳಿದೆ. ನನ್ನ ವಾಚಿನ ಪುಸ್ತಕದಲ್ಲೂ ಇದು ವೈದ್ಯಕೀಯ ಸಾಧನ ಅಲ್ಲ ಅಂತ ಬರೆದಿದೆ, ಕೊನೆಯ ಪುಟದಲ್ಲಿ, ಸಾಸಿವೆ ಗಾತ್ರದ ಇಂಗ್ಲಿಷಿನಲ್ಲಿ.

ಇನ್ನು ಕನ್ನಡ. ಮಗಳು ಮಧ್ಯಾಹ್ನ "ಆಯಿ, ಊಟ ಆತಾ?" ಅಂತ ಮೆಸೇಜು ಹಾಕುತ್ತಾಳೆ. ವಾಚಿನಲ್ಲಿ ಕಾಣುವುದು ಸಾಲಾಗಿ ಪುಟ್ಟ ಪುಟ್ಟ ಚೌಕ, ಕಿಟಕಿ ಇಲ್ಲದ ಮನೆಗಳ ಹಾಗೆ. ನಡುವೆ ಅಲ್ಪವಿರಾಮ, ಕೊನೆಗೆ ಪ್ರಶ್ನೆ ಚಿಹ್ನೆ ಮಾತ್ರ ಸರಿಯಾಗಿ ಬರುತ್ತದೆ. ಏನೋ ಕೇಳುತ್ತಿದ್ದಾಳೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಹಿಂದಿ ಮೆಸೇಜು ಬಂದರೆ ಲಕ್ಷಣವಾಗಿ ಓದಬಹುದು! ಕಂಪ್ಯೂಟರಿನ ಅಕ್ಷರಗಳ ಪಟ್ಟಿ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆಯಂತೆ. ಇದೇ ಮೆಸೇಜು ಫೋನಿನಲ್ಲಿ ಒತ್ತಕ್ಷರದ ಸಮೇತ ಸರಿಯಾಗಿ ಬರುತ್ತದೆ. ಅಂದ ಮೇಲೆ ವಾಚಿಗೆ ಒಂದು ಕನ್ನಡ ಫಾಂಟ್ ಹಾಕುವುದು ಅಂಥ ದೊಡ್ಡ ಕೆಲಸವೇ?

ಇದರಲ್ಲಿ ನೂರಕ್ಕೂ ಜಾಸ್ತಿ ಬಗೆಯ ವ್ಯಾಯಾಮ ಇದೆ ಅಂತ ಡಬ್ಬದ ಮೇಲೆ ಬರೆದಿದೆ. ಒಂದೊಂದೇ ನೋಡಿದೆ. ಹಿಮದ ಮೇಲೆ ಜಾರುವುದು ಇದೆ. ಶಿರಸಿಯಲ್ಲಿ ಯಾರು ಜಾರುತ್ತಾರೋ, ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಬೀಳುತ್ತೇವೆ ಅಷ್ಟೇ. ತಲೆಹೊರೆ ಅಂತ ಒಂದು ಇಲ್ಲ. ಕೊಡ ಹೊರುವವರು, ಹುಲ್ಲು ಹೊರುವವರು, ಕಾರವಾರ, ಅಂಕೋಲಾ ಕಡೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುವವರು, ಇಷ್ಟೆಲ್ಲ ಹೆಂಗಸರು ಇದ್ದೇವೆ. ನಮ್ಮ ಮಕ್ಕಳೇ ದುಡ್ಡು ಕೊಟ್ಟು ಈ ವಾಚ್ ತಂದುಕೊಡುತ್ತಿದ್ದಾರೆ. ತಯಾರಿಸುವವರು ಒಂದು ದಿನ ಬಂದು ನಮ್ಮ ಕೈಗೆ ಕಟ್ಟಿ ನೋಡಲಿ. ನನ್ನ ಹೆಡಿಗೆ ಬೇಕಾದರೆ ಕೊಡುತ್ತೇನೆ, ಸಿಂಬೆ ಅವರೇ ತರಲಿ. ಮಾರುವವರು ಬಿಪಿಯ ಆ ಕೊನೆಯ ಪುಟದ ಮಾತನ್ನು ಡಬ್ಬದ ಮೇಲೆ, ಕನ್ನಡದಲ್ಲಿ, ಕನ್ನಡಕ ಇಲ್ಲದೆ ಓದುವ ಹಾಗೆ ಅಚ್ಚು ಹಾಕಲಿ. ನೀವೂ ಅಂಥ ಜಾಹೀರಾತು ಬಂದಾಗ ಒಂದು ಮಾತು ಕೇಳಿ.

ನಮ್ಮಲ್ಲಿ ದರಕಿನ ಕೆಲಸ ಇನ್ನೂ ನಾಲ್ಕು ದಿನ ಇದೆ. ವಾಚ್ ಈಗ ಎಡಗಾಲಿನಲ್ಲಿದೆ, ಗೆಜ್ಜೆಯ ಜಾಗದಲ್ಲಿ. ನಿನ್ನೆ 9,240 ಬಂತು. "ಆಯಿ, ಕಡೆಗೂ ವಾಕಿಂಗ್ ಶುರು ಮಾಡಿದ್ಯಲೇ" ಅಂತ ಮಗಳಿಗೆ ಬಹಳ ಸಂತೋಷ.

ಇತಿ,
ಅಡಿಕೆ ತೋಟದ ಗೃಹಿಣಿ
ಶಿರಸಿ ತಾಲೂಕು, ಉತ್ತರ ಕನ್ನಡ