ಬ್ರೇಕ್ ಆಯಿಲ್ ಇನ್ನು ತುಂಬಿಸುವುದಿಲ್ಲ, ಪೂರ್ತಿ ಬದಲಿಸುತ್ತೇವೆ

ಮಾನ್ಯ ಗ್ರಾಹಕರೇ,

ಸರ್ವಿಸಿಗೆ ಬಂದ ಕಾರಿನಲ್ಲಿ ಬ್ರೇಕ್ ಆಯಿಲ್ ಇಳಿದಿದ್ದರೆ ಮೇಲಿಂದ ಒಂದಿಷ್ಟು ಸುರಿದು ಕಳುಹಿಸುವುದು ಇಷ್ಟು ವರ್ಷ ನಮ್ಮ ಗ್ಯಾರೇಜಿನ ರೂಢಿಯಾಗಿತ್ತು. ಈ ಮಳೆಗಾಲದಿಂದ ಅದನ್ನು ನಿಲ್ಲಿಸಿದ್ದೇವೆ. ಎರಡು ವರ್ಷ ದಾಟಿದ ಆಯಿಲನ್ನು ಪೂರ್ತಿ ತೆಗೆದು ಹೊಸದನ್ನೇ ಹಾಕುತ್ತೇವೆ.

ಕಳೆದ ವರ್ಷ ನಮ್ಮಲ್ಲೇ ಸರ್ವಿಸ್ ಆಗಿದ್ದ ಒಂದು ಕಾರು ಮಣಿಪಾಲದ ಆಸ್ಪತ್ರೆಗೆಂದು ಆಗುಂಬೆ ಘಾಟಿ ಇಳಿಯುತ್ತಿದ್ದಾಗ ಪೆಡಲ್ ಮೆತ್ತಗಾಗಿ ತಳ ಮುಟ್ಟಿತು. ಮಾಲೀಕರು ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದರು. ಅರ್ಧ ಗಂಟೆ ಬಿಟ್ಟು ತುಳಿದರೆ ಬ್ರೇಕ್ ಮೊದಲಿನಂತೆಯೇ ಹಿಡಿಯಿತು! ಆ ಕಾರಿನ ಚಕ್ರದ ಬಳಿ ಆಯಿಲ್ ಹೊರಬಿಡಲು ಇರುವ ನಿಪ್ಪಲ್‌ಗೆ ಪಾರದರ್ಶಕ ಕೊಳವೆ ಸಿಕ್ಕಿಸಿ ಏರ್ ತೆಗೆದಾಗ ಇಳಿದದ್ದು ಕಾಫಿ ಡಿಕಾಕ್ಷನ್ನಿನ ಬಣ್ಣದ ದ್ರವ. ನಾವು ಸುರಿದಿದ್ದ ತಿಳಿ ಹಳದಿ ಮೇಲಿನ ಡಬ್ಬಿಯಲ್ಲಷ್ಟೇ ಉಳಿದಿತ್ತು. ಅವರ ಮನೆಗೇ ಹೋಗಿ ಕ್ಷಮೆ ಕೇಳಿದೆವು.

ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ. ಗಾಳಿಯ ತೇವವನ್ನು ಹೀರಿಕೊಳ್ಳುವುದು ಅದರ ಗುಣ. ನಮ್ಮ ಮಲೆನಾಡಿನಲ್ಲಿ ತೇವಕ್ಕೇನು ಬರ? ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದರಲ್ಲಿ ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲೂ ಬ್ರೇಕ್ ತುಳಿಯುತ್ತಲೇ ಇಳಿದರೆ ಆ ಬಿಸಿಗೆ ಒಳಗೆ ಆವಿಯೇಳುತ್ತದೆ. ದ್ರವ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ, ಆವಿ ಕುಗ್ಗಿಬಿಡುತ್ತದೆ. ತಣ್ಣಗಾದರೆ ಆವಿ ಮತ್ತೆ ದ್ರವ. ಹಾಗಾಗಿಯೇ ಗ್ಯಾರೇಜಿಗೆ ತರುವಷ್ಟರಲ್ಲಿ ದೋಷ ಕಾಣುವುದಿಲ್ಲ.

ಇನ್ನೊಂದು ಮಾತು. ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕ್ ಪ್ಯಾಡ್ ಸವೆದಂತೆ ಡಬ್ಬಿಯ ಮಟ್ಟ ತಾನಾಗಿ ಇಳಿಯುತ್ತದೆ. ಮೇಲಿಂದ ಸುರಿದರೆ ಆ ಸೂಚನೆಯೇ ಮುಚ್ಚಿಹೋಗುತ್ತದೆ. ಇನ್ನು ಮಟ್ಟ ಇಳಿದಿದ್ದರೆ ಮೊದಲು ಪ್ಯಾಡ್ ಮತ್ತು ಸೋರಿಕೆ ನೋಡುತ್ತೇವೆ.

ಸೀಲ್ ಇರುವ ಬಾಟಲಿಯನ್ನು ನಿಮ್ಮೆದುರೇ ಒಡೆಯುತ್ತೇವೆ; ಮಿಕ್ಕಿದ್ದನ್ನು ಬೇರೆ ಕಾರಿಗೆ ಬಳಸುವುದಿಲ್ಲ. ಒಬ್ಬರು ಪೆಡಲ್ ತುಳಿಯಲು, ಒಬ್ಬರು ನಿಪ್ಪಲ್ ಬಿಗಿಯಲು ಬೇಕು. ನಾಲ್ಕೂ ಚಕ್ರಗಳಲ್ಲಿ ಗುಳ್ಳೆ ನಿಂತು ತಿಳಿ ದ್ರವ ಬರುವವರೆಗೆ ಬಿಡುವುದಿಲ್ಲ. ಸುಮಾರು ಒಂದು ಗಂಟೆ ಹಿಡಿಯುತ್ತದೆ, ಖರ್ಚೂ ಹೆಚ್ಚು. ಎಬಿಎಸ್ (ಬ್ರೇಕ್ ತುಳಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕೆಲವು ಕಾರುಗಳಿಗೆ ಈ ಕೆಲಸಕ್ಕೆ ಸ್ಕ್ಯಾನರ್ ಯಂತ್ರ ಬೇಕು. ಅಂಥವನ್ನು ಕಂಪನಿಯ ಸರ್ವಿಸ್ ಕೇಂದ್ರಕ್ಕೇ ಒಯ್ಯಲು ಹೇಳುತ್ತೇವೆ.

ದಯವಿಟ್ಟು ಆ ಡಬ್ಬಿಗೆ ಎಂಜಿನ್ ಆಯಿಲ್ ಹಾಕಬೇಡಿ, ರಬ್ಬರ್ ವಾಷರ್‌ಗಳು ಉಬ್ಬಿ ಕೆಡುತ್ತವೆ. ಆಯಿಲ್ ಬದಲಿಸಿದ ತಿಂಗಳು, ವರ್ಷ ಬರೆದ ಚೀಟಿಯನ್ನು ಬಾನೆಟ್ಟಿನ ಒಳಬದಿಗೆ ಅಂಟಿಸಿರುತ್ತೇವೆ. ಘಾಟಿ ಇಳಿಯುವ ಮೊದಲು ಒಮ್ಮೆ ಎತ್ತಿ ನೋಡಿ.

ಇತಿ,
ಗ್ಯಾರೇಜಿನ ಎಲ್ಲರ ಪರವಾಗಿ
ತೀರ್ಥಹಳ್ಳಿ